ಸರೋವರದಿಂದ ಪಡೆದ ನೆಲ: ಬರ್ಲಿಂಗ್‌ಟನ್ ದಂಡೆಯ ಉದ್ಯಾನದ ಕಥೆ



ಸೊಪ್ಪಿನಬೆಟ್ಟವೆಂದರೇನು ಎಂಬುದನ್ನು ಮಲೆನಾಡಿನ ಸಭೆಯಲ್ಲಿ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಅಡಿಕೆ ತೋಟದವನು ಬೆಟ್ಟದಿಂದ ಸೊಪ್ಪು ತರಬಹುದು, ದರಗು ಗುಡಿಸಬಹುದು, ತಲೆಮಾರುಗಳಿಂದ ಅದನ್ನು ‘ನಮ್ಮ ಬೆಟ್ಟ’ ಎಂದೇ ಕರೆಯಬಹುದು. ಆದರೆ ಅಲ್ಲಿ ಬಂಗಲೆ ಕಟ್ಟುವಂತಿಲ್ಲ. ನಿವೇಶನಗಳಾಗಿ ಸೀಳಿ ಮಾರುವಂತಿಲ್ಲ. ಯಾವ ಉದ್ದೇಶಕ್ಕೆಂದು ಕೊಟ್ಟದ್ದೋ ಆ ಉದ್ದೇಶಕ್ಕೆ ಕಟ್ಟುಬಿದ್ದ ಹಕ್ಕು ಅದು. ಇದೇ ಬಗೆಯ ನಿಬಂಧನೆಯೊಂದು ದೂರದ ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ ಸರೋವರದ ದಂಡೆಯನ್ನು ಉಳಿಸಿಕೊಟ್ಟಿತು. ಆ ದಂಡೆಯಲ್ಲಿ ಇಂದು ಒಂದು ಉದ್ಯಾನವಿದೆ, ವಿಹಾರದ ದೋಣಿಗಳು ತಂಗುವ ಮರೀನಾ ಇದೆ. ಅವು ಅಲ್ಲಿಗೆ ಬಂದ ಬಗೆಯನ್ನು, ಮತ್ತು ಅವು ಬಂದ ಮೇಲೂ ಬಗೆಹರಿಯದೆ ಉಳಿದ ಒಂದು ಪ್ರಶ್ನೆಯನ್ನು ಇಲ್ಲಿ ವಿವರಿಸಲಾಗಿದೆ.

ಪಟ್ಟಣದ ಹೆಸರು ಬರ್ಲಿಂಗ್‌ಟನ್, ರಾಜ್ಯ ವರ್ಮಾಂಟ್. ಫ್ರೆಂಚ್ ಮೂಲದ ಆ ಹೆಸರಿಗೆ ಹಸಿರು ಬೆಟ್ಟ ಎಂದೇ ಅರ್ಥ. ಪೂರ್ವಕ್ಕೆ ಗ್ರೀನ್ ಪರ್ವತಶ್ರೇಣಿ, ಪಶ್ಚಿಮಕ್ಕೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಪರ್ವತಗಳು, ಎರಡರ ನಡುವೆ ಸುಮಾರು 190 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಚಾಂಪ್ಲೇನ್ ಸರೋವರ. ಅದರ ನೀರು ಉತ್ತರಾಭಿಮುಖವಾಗಿ ಹರಿದು ಕೆನಡಾದ ಸೇಂಟ್ ಲಾರೆನ್ಸ್ ನದಿಯನ್ನು ಸೇರುತ್ತದೆ. ಅಬೆನಾಕಿ ಎಂಬ ಮೂಲನಿವಾಸಿಗಳ ನೀರು ಅದು. 1609ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಅನ್ವೇಷಕ ಸಾಮ್ಯುಯೆಲ್ ದ ಚಾಂಪ್ಲೇನ್ ತನ್ನ ಹೆಸರನ್ನೇ ಅದಕ್ಕೆ ಇಟ್ಟುಹೋದ. 2020ರ ಜನಗಣತಿಯ ಪ್ರಕಾರ ಬರ್ಲಿಂಗ್‌ಟನ್ನಿನ ಜನಸಂಖ್ಯೆ 44,743. ನಮ್ಮ ಸಾಗರ, ಸಿರಸಿಗಳಿಗಿಂತ ಚಿಕ್ಕದು. ಆದರೂ ಆ ಬೆಟ್ಟಸೀಮೆಯ ರಾಜ್ಯಕ್ಕೆ ಅದೇ ಅತಿದೊಡ್ಡ ಊರು.

1823ರಲ್ಲಿ ಚಾಂಪ್ಲೇನ್ ಕಾಲುವೆ ತೆರೆದು, ಸರೋವರವು ಹಡ್ಸನ್ ನದಿಗೂ ಆ ಮೂಲಕ ನ್ಯೂಯಾರ್ಕ್ ನಗರಕ್ಕೂ ಕೂಡಿಕೊಂಡಿತು. ಅಲ್ಲಿಂದ ಬರ್ಲಿಂಗ್‌ಟನ್ನಿನ ದೆಸೆ ತಿರುಗಿತು. 1830ರ ದಶಕದಲ್ಲಿ ಅಲೆಗಳನ್ನು ತಡೆಯುವ ಕಲ್ಲಿನ ಒಡ್ಡಿನ ಕೆಲಸ ಆರಂಭವಾಯಿತು. 1849ರಲ್ಲಿ ರೈಲು ಬಂತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆನಡಾದ ಕಾಡುಗಳಿಂದ ಇಳಿದ ಮರ ಇಲ್ಲಿ ಹಲಗೆಯಾಗಿ ದೇಶದ ಪೂರ್ವದ ನಗರಗಳಿಗೆ ಹೋಗುತ್ತಿತ್ತು. ಅಮೆರಿಕದ ಅತಿದೊಡ್ಡ ಮರದ ಬಂದರುಗಳಲ್ಲಿ ಅದೂ ಒಂದೆನಿಸಿತ್ತು.

ಇಷ್ಟು ಮರ ಪೇರಿಸಿಡಲು ಜಾಗ ಎಲ್ಲಿಂದ ಬರಬೇಕು? ಪಟ್ಟಣ ಇಳಿಜಾರಿನಲ್ಲಿದೆ, ನೀರಿನ ಅಂಚಿನಲ್ಲಿ ಸಮತಟ್ಟಾದ ನೆಲ ಹೆಚ್ಚಿಲ್ಲ. ಜಾಗವನ್ನು ಸರೋವರದಿಂದಲೇ ಪಡೆದರು. ದಂಡೆಯ ಭೂಮಾಲೀಕರು ನೀರಿನೊಳಕ್ಕೆ ಧಕ್ಕೆ ಕಟ್ಟಿಕೊಳ್ಳಬಹುದೆಂದು 1827ರಲ್ಲೇ ರಾಜ್ಯ ಶಾಸನ ಸಭೆ ಅನುಮತಿ ನೀಡಿತ್ತು. ಧಕ್ಕೆಗಳ ನಡುವೆ ಕಲ್ಲು, ಮಣ್ಣು, ಮರದ ತ್ಯಾಜ್ಯ ತುಂಬುತ್ತ ಹೋದಂತೆ ದಂಡೆ ಪಶ್ಚಿಮಕ್ಕೆ ಸರಿಯಿತು. ರೈಲು ಕಂಪನಿ ಇನ್ನಷ್ಟು ತುಂಬಿತು. ಹೀಗೆ ಸುಮಾರು 60 ಎಕರೆ ನೀರು ನೆಲವಾಯಿತು. ಇಂದು ಬರ್ಲಿಂಗ್‌ಟನ್ನಿಗೆ ಹೋದವರು ಹುಲ್ಲಿನ ಮೇಲೆ ಕುಳಿತು ಸೂರ್ಯಾಸ್ತ ನೋಡುವ ಉದ್ಯಾನದ ಅಡಿಯಲ್ಲಿ ಇರುವುದು ನೂರೈವತ್ತು ವರ್ಷಗಳ ಹಿಂದಿನ ಈ ತುಂಬುಮಣ್ಣು. ಕೆರೆಯಂಗಳದ ಒತ್ತುವರಿಯನ್ನು ಕಂಡು ಬೇಸತ್ತವರಿಗೆ ಇದು ಪರಿಚಿತ ಕ್ರಮವೇ. ವ್ಯತ್ಯಾಸವಿಷ್ಟೆ, ಅಲ್ಲಿ ಅದು ಶಾಸನದ ಅನುಮತಿಯೊಡನೆ ನಡೆಯಿತು. ಆ ಅನುಮತಿಯ ಒಕ್ಕಣೆಯೇ ಮುಂದೆ ದೊಡ್ಡ ವಿವಾದಕ್ಕೆ ವಸ್ತುವಾಯಿತು.

ಇಲ್ಲಿ ಒಬ್ಬ ವ್ಯಕ್ತಿಯನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬಾತ ಬರ್ಲಿಂಗ್‌ಟನ್ನಿನಲ್ಲಿ ವಕೀಲಿ ನಡೆಸುತ್ತಿದ್ದವ. ಹಲವು ಉದ್ದಿಮೆಗಳಿಗೆ ಕೈಹಾಕಿ ಕೈಸುಟ್ಟುಕೊಂಡವ. 1850ರ ದಶಕದ ಕೊನೆಯಲ್ಲಿ ವರ್ಮಾಂಟಿನ ರೈಲ್ವೆ ಆಯುಕ್ತನಾಗಿದ್ದವ. ಆ ಕಾಲಕ್ಕೆ ವರ್ಮಾಂಟಿನ ಬೆಟ್ಟಗಳ ಬಹುಭಾಗ ಕಾಡು ಕಳೆದುಕೊಂಡು ಮೆರಿನೋ ಕುರಿಗಳ ಹುಲ್ಲುಗಾವಲಾಗಿತ್ತು. ಬೆಟ್ಟ ಬೋಳಾದರೆ ಹೊಳೆ ಹೇಗೆ ಕೆಡುತ್ತದೆ, ಮೀನು ಏಕೆ ಕಡಿಮೆಯಾಗುತ್ತದೆ ಎಂಬುದನ್ನು ಆತ ಕಣ್ಣಾರೆ ಕಂಡಿದ್ದ. 1864ರಲ್ಲಿ ಪ್ರಕಟವಾದ ‘ಮ್ಯಾನ್ ಅಂಡ್ ನೇಚರ್’ ಎಂಬ ಆತನ ಗ್ರಂಥವನ್ನು ಆಧುನಿಕ ಪರಿಸರ ಚಿಂತನೆಯ ಆದಿಗ್ರಂಥಗಳಲ್ಲಿ ಒಂದೆಂದು ಎಣಿಸುತ್ತಾರೆ. ದಂಡೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಬಂದರನ್ನೂ ರೈಲನ್ನೂ ಹೇಳಿ ಮುಗಿಸುತ್ತಾರೆ. ದಂಡೆಗೆ ಬರುವ ನೀರಿನ ಹಣೆಬರಹ ಬೆಟ್ಟದಲ್ಲಿ ನಿರ್ಧಾರವಾಗುತ್ತದೆ ಎಂದು ಅದೇ ಪಟ್ಟಣದ ವಕೀಲನೊಬ್ಬ ಅಷ್ಟು ಮೊದಲೇ ಬರೆದಿಟ್ಟಿದ್ದನೆಂಬುದು ಗಮನಿಸಬೇಕಾದ ಸಂಗತಿ.

ಮರದ ವ್ಯಾಪಾರ ಶತಮಾನದ ಕೊನೆಗೆ ಕುಸಿಯಿತು. 1897ರಲ್ಲಿ ಬಂದ ಆಮದು ಸುಂಕ ಅದಕ್ಕೆ ಕೊನೆಯ ಪೆಟ್ಟು. ತೆರವಾದ ಜಾಗಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಂದದ್ದು ತೈಲದ ಟ್ಯಾಂಕುಗಳು, ಗುಜರಿ ಅಂಗಳಗಳು. ಪಟ್ಟಣದ ದಕ್ಷಿಣ ತುದಿಯಲ್ಲಿ 1908ರಿಂದ 1966ರವರೆಗೆ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಸ್ಥಾವರವೊಂದು ನಡೆಯಿತು. ಅದರ ಡಾಂಬರು ಪಕ್ಕದ ಹಳೆಯ ದೋಣಿಕಾಲುವೆಯಲ್ಲೂ ಜೌಗಿನಲ್ಲೂ ಇಂಗಿತು. 1954ರಲ್ಲಿ ನೀರಿನ ಅಂಚಿಗೇ ಮೋರಾನ್ ಎಂಬ ಕಲ್ಲಿದ್ದಲ ವಿದ್ಯುತ್ ಸ್ಥಾವರ ಎದ್ದಿತು. ಊರಿನ ಮಕ್ಕಳು ಇಳಿಜಾರಿನ ಬೀದಿಗಳಲ್ಲಿ ನಿಂತು ಸರೋವರವನ್ನು ನೋಡಬಹುದಿತ್ತು. ರೈಲುಹಳಿ ದಾಟಿ, ಬೇಲಿ ಹಾರಿ ಹೋಗದೆ ನೀರನ್ನು ಮುಟ್ಟುವುದು ಸುಲಭವಿರಲಿಲ್ಲ.

1970ರ ದಶಕದ ಹೊತ್ತಿಗೆ ರೈಲು ಕಂಪನಿಗೂ ಈ ನೆಲದ ಉಪಯೋಗ ತಗ್ಗಿತ್ತು. ಉಪಯೋಗ ತಗ್ಗಿದ ನೆಲಕ್ಕೆ ಬೆಲೆ ಮಾತ್ರ ಏರುತ್ತಿತ್ತು: ಎದುರಿಗೆ ಸರೋವರ, ಆಚೆಗೆ ಪರ್ವತ, ಸಂಜೆಗೆ ಸೂರ್ಯಾಸ್ತ. ಬಹುಮಹಡಿ ವಸತಿಗೃಹಗಳನ್ನು ಕಟ್ಟುವ ಯೋಜನೆಯೊಂದು ರೂಪುಗೊಂಡಿತು. 1981ರ ಮೇಯರ್ ಚುನಾವಣೆಯಲ್ಲಿ ಇದನ್ನು ವಿರೋಧಿಸಿ ಪಕ್ಷೇತರನಾಗಿ ನಿಂತು ಕೇವಲ ಹತ್ತು ಮತಗಳಿಂದ ಗೆದ್ದವರು ಬರ್ನಿ ಸ್ಯಾಂಡರ್ಸ್. ಮುಂದೆ ಅಮೆರಿಕದ ಸೆನೆಟ್ ಸದಸ್ಯರಾಗಿ, ಅಧ್ಯಕ್ಷ ಪದವಿಯ ಅಭ್ಯರ್ಥಿತನಕ್ಕೆ ಸ್ಪರ್ಧಿಸಿ ಜಗತ್ತಿಗೆ ಪರಿಚಿತರಾದರು.

ಕಥೆ ಇಲ್ಲಿಗೆ ಮುಗಿದಿದ್ದರೆ ವೀರಗಾಥೆಯಾಗುತ್ತಿತ್ತು. ಆದರೆ ಅಧಿಕಾರಕ್ಕೆ ಬಂದ ಬಳಿಕ ಅದೇ ಮೇಯರರ ಆಡಳಿತ, ಖಾಸಗಿ ಕಂಪನಿಯೊಂದರೊಡನೆ ಕೂಡಿ ಸುಮಾರು ಹತ್ತು ಕೋಟಿ ಡಾಲರುಗಳ ಹೊಸ ಯೋಜನೆಯನ್ನು ಮುಂದಿಟ್ಟಿತು. ಹೋಟೆಲು, ವಸತಿಗೃಹ, ಅಂಗಡಿ, ಮರೀನಾ ಎಲ್ಲವೂ ಅದರಲ್ಲಿದ್ದವು. ಜೊತೆಗೆ ನೀರಿನುದ್ದಕ್ಕೂ ಜನರಿಗೆ ನಡೆದಾಡುವ ದಾರಿ, ಸಾರ್ವಜನಿಕ ದೋಣಿಮನೆ. ಹಣವಿಲ್ಲದ ಪುರಸಭೆಗೆ ಇದು ಸಾಧ್ಯವಿದ್ದಷ್ಟರಲ್ಲಿ ಒಳ್ಳೆಯ ಒಪ್ಪಂದವೆಂದು ಸಮರ್ಥಕರು ವಾದಿಸಿದರು. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟ್ಯಾಂಕು ಗುಜರಿಗಳ ನಡುವೆ ಏನಾದರೂ ಒಳಿತು ಮೂಡಲೆಂಬ ಆಸೆ ಪ್ರಾಮಾಣಿಕವಾದದ್ದೇ. ವಿರೋಧಿಸಿದವರಲ್ಲಿ ಸಾಮಾಜಿಕ ಪರಿಸರವಾದದ ಚಿಂತಕ ಮರ್ರೇ ಬುಕ್‌ಚಿನ್ ಇದ್ದರು. ಆಗ ಅವರ ವಾಸ ಅದೇ ಊರಿನಲ್ಲಿ.

ಯೋಜನೆಯ ಸಾರ್ವಜನಿಕ ಭಾಗಕ್ಕೆ 60 ಲಕ್ಷ ಡಾಲರ್ ಸಾಲಪತ್ರ ಹೊರಡಿಸಲು ಜನರ ಒಪ್ಪಿಗೆ ಬೇಕಿತ್ತು. 1985ರ ಡಿಸೆಂಬರಿನಲ್ಲಿ ಮತದಾನ ನಡೆಯಿತು. ನೂರಕ್ಕೆ ಸುಮಾರು ಐವತ್ತನಾಲ್ಕು ಮಂದಿ ‘ಸರಿ’ ಎಂದರು. ಕಾನೂನಿಗೆ ಮೂರರಲ್ಲಿ ಎರಡು ಪಾಲು ಬೇಕಿದ್ದುದರಿಂದ ಯೋಜನೆ ಬಿದ್ದುಹೋಯಿತು. ಬಹುಮತ ಗೆದ್ದೂ ಸೋತ ಈ ಮತದಾನವೇ ಉದ್ಯಾನದ ನಿಜವಾದ ಹುಟ್ಟು. ಯೋಜನೆ ಗೆದ್ದಿದ್ದರೆ ಮುಂದಿನ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೊನೆಮುಟ್ಟಿಸುವ ಅವಸರ ಪಟ್ಟಣಕ್ಕೆ ಇರುತ್ತಿತ್ತೋ ಇಲ್ಲವೋ.

ಆ ಪ್ರಶ್ನೆ ಸರಳವಾದದ್ದು. ಮಾರಲು ಹೊರಟ ನೆಲ ನಿಜಕ್ಕೂ ಕಂಪನಿಯದೇ? ರಾಜ್ಯವೂ ಪಟ್ಟಣವೂ ಸೆಂಟ್ರಲ್ ವರ್ಮಾಂಟ್ ರೈಲ್ವೆಯ ವಿರುದ್ಧ ದಾವೆ ಹೂಡಿದವು. ವಿವಾದದ ನೆಲ ದಂಡೆಯುದ್ದಕ್ಕೂ ಸುಮಾರು 1.8 ಕಿಲೋಮೀಟರ್ ಚಾಚಿದ ತುಂಬುಮಣ್ಣಿನ ಪಟ್ಟಿ. ಪ್ರಶ್ನೆ ಇತ್ಯರ್ಥವಾದದ್ದು ಸಾರ್ವಜನಿಕ ನ್ಯಾಸ ಸಿದ್ಧಾಂತದ ಮೇಲೆ. ದೋಣಿ ಸಂಚರಿಸಬಲ್ಲ ಜಲರಾಶಿ ಮತ್ತು ಅದರ ತಳದ ನೆಲವನ್ನು ರಾಜ್ಯವು ಜನತೆಯ ಪರವಾಗಿ ಧರ್ಮದರ್ಶಿಯಂತೆ ಹಿಡಿದಿರುತ್ತದೆ. ದೇವಸ್ಥಾನದ ಆಸ್ತಿಯನ್ನು ಮೊಕ್ತೇಸರ ಮಾರಿಕೊಳ್ಳಲಾಗದಂತೆ ರಾಜ್ಯವೂ ಅದನ್ನು ಪೂರ್ತಿಯಾಗಿ ಬಿಟ್ಟುಕೊಡಲಾಗದು ಎಂಬುದು ಅದರ ಸಾರ. ಮಿಷಿಗನ್ ಸರೋವರದ ತಳವನ್ನು ಶಿಕಾಗೋದ ಬಳಿ ರೈಲು ಕಂಪನಿಯೊಂದಕ್ಕೆ ಬಿಟ್ಟುಕೊಟ್ಟ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲೇ ಈ ಮಾತನ್ನು ಎತ್ತಿಹಿಡಿದಿತ್ತು.

1989ರ ಡಿಸೆಂಬರಿನಲ್ಲಿ ವರ್ಮಾಂಟಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಮಣ್ಣು ತುಂಬಿದ ಮಾತ್ರಕ್ಕೆ ಸರೋವರದ ತಳದ ಮೇಲಿನ ಜನರ ಹಕ್ಕು ಅಳಿಯದು. ಕಂಪನಿಗೆ ಒಡೆತನವಿದೆ, ಆದರೆ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆ ಬಳಸಬೇಕೆಂಬ ನಿಬಂಧನೆಗೆ ಒಳಪಟ್ಟ ಒಡೆತನ ಅದು. ನಿಬಂಧನೆ ಮುರಿದರೆ ರಾಜ್ಯ ನೆಲವನ್ನು ಮರಳಿ ಪಡೆಯಬಹುದು. ಕೆಳ ನ್ಯಾಯಾಲಯ ಆ ಉದ್ದೇಶವನ್ನು ರೈಲು, ಧಕ್ಕೆ, ದಾಸ್ತಾನುಗಳಿಗೆ ಸೀಮಿತಗೊಳಿಸಿತ್ತು. ಮೇಲಿನ ನ್ಯಾಯಾಲಯ ಅದನ್ನು ‘ಸಾರ್ವಜನಿಕ ಉದ್ದೇಶ’ ಎಂದು ಹಿಗ್ಗಿಸಿತು. ಈ ಹಿಗ್ಗಿಸುವಿಕೆ ಇಲ್ಲದೆ ಹೋಗಿದ್ದರೆ ಉದ್ಯಾನಕ್ಕೇ ಕಾನೂನಿನ ತೊಡಕು ಬರುತ್ತಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ವಸತಿಗೃಹ ಕಟ್ಟಲಾಗದ ನೆಲದ ಬೆಲೆ ತಾನಾಗಿ ಇಳಿಯಿತು. ಪಟ್ಟಣಕ್ಕೆ ಅದು ಕೈಗೆಟುಕಿತು.

ಉಳಿದ ಕೆಲಸ ಬೇಗ ಸಾಗಿತು. ತೇಲುವ ವೇದಿಕೆಯ ಮೇಲೆ ನಿಂತ ಸಾರ್ವಜನಿಕ ದೋಣಿಮನೆ ತೀರ್ಪಿಗೆ ಮೊದಲೇ, 1988ರಲ್ಲಿ ತೆರೆದಿತ್ತು. ಹಳೆಯ ರೈಲುದಾರಿ ಸೈಕಲ್ ದಾರಿಯಾಯಿತು. 1991ರಲ್ಲಿ ಉದ್ಯಾನ ತೆರೆಯಿತು. ಉತ್ತರ ಭಾಗದ ಸುಮಾರು 40 ಎಕರೆಯನ್ನು ಪಟ್ಟಣ ಕೊಂಡುಕೊಂಡು, ಏನನ್ನೂ ಕಟ್ಟದೆ, ಮುಂದಿನ ತಲೆಮಾರು ತೀರ್ಮಾನಿಸಲೆಂದು ಮೀಸಲಿಟ್ಟಿತು. ಈ ಇಡೀ ಕಥೆಯಲ್ಲಿ ಅತ್ಯಂತ ವಿವೇಕದ ನಡೆ ಬಹುಶಃ ಇದೇ. ಕೈಯಲ್ಲಿ ಅನುದಾನ ಬಂದೊಡನೆ ಕೆರೆಯ ಸುತ್ತ ಕಾಂಕ್ರೀಟು ಹಾಸಿ, ಕಾರಂಜಿ ನೆಟ್ಟು ‘ಅಭಿವೃದ್ಧಿ’ ಎಂದು ಫಲಕ ಹಾಕುವವರಿಗೆ ಏನನ್ನೂ ಮಾಡದಿರುವುದೂ ಒಂದು ಯೋಜನೆಯೆಂದು ಅರ್ಥಮಾಡಿಸುವುದು ಕಷ್ಟ. 1986ರಲ್ಲಿ ನಿಂತುಹೋದ ಮೋರಾನ್ ಸ್ಥಾವರ ಮೂರು ದಶಕಕ್ಕೂ ಹೆಚ್ಚು ಕಾಲ ಪಾಳುಬಿದ್ದು, ಕೊನೆಗೆ ಗೋಡೆಗಳನ್ನು ಕಳಚಿದ ಉಕ್ಕಿನ ಅಸ್ಥಿಪಂಜರವಾಗಿ ಉದ್ಯಾನದೊಳಗೆ ಉಳಿದುಕೊಂಡಿದೆ. ದೋಣಿಕಾಲುವೆಯ ಡಾಂಬರಿನದು ಬೇರೆಯೇ ಅಧ್ಯಾಯ: ಸುಮಾರು ಐದು ಕೋಟಿ ಡಾಲರು ಸುರಿದು ಎಲ್ಲವನ್ನೂ ಅಗೆದು ತೆಗೆಯುವ ಕೇಂದ್ರ ಸರ್ಕಾರದ 1992ರ ಯೋಜನೆಯನ್ನು ಊರವರೇ ವಿರೋಧಿಸಿದರು. ಅಧಿಕಾರಿಗಳು, ಕಂಪನಿಗಳು, ನಾಗರಿಕರು ಒಂದೇ ಸಮಿತಿಯಲ್ಲಿ ವರ್ಷಗಟ್ಟಲೆ ಕುಳಿತು ಚರ್ಚಿಸಿದ ಬಳಿಕ, ಕಾಲುವೆಯ ತಳಕ್ಕೆ ಮರಳಿನ ಹೊದಿಕೆ ಹಾಸಿ ವಿಷವನ್ನು ಕದಡದೆ ಅಲ್ಲೇ ಮುಚ್ಚಿಡುವ ಪರಿಹಾರ 1998ರಲ್ಲಿ ಅಂಗೀಕಾರವಾಯಿತು.

ಮರೀನಾದ ವಿಷಯ ಇಷ್ಟು ತಿಳಿಯಾಗಿಲ್ಲ. 2019ರಲ್ಲಿ ಬಂದರಿನ ಉತ್ತರ ಭಾಗದಲ್ಲಿ ಸುಮಾರು 160 ದೋಣಿಗಳು ನಿಲ್ಲಬಲ್ಲ ಹೊಸ ಮರೀನಾ ಆರಂಭವಾಯಿತು. ಕಟ್ಟಿದವರು ಖಾಸಗಿಯವರು, ನೆಲ ಪಟ್ಟಣದ ಗುತ್ತಿಗೆ. ಭೇದವಿಲ್ಲದೆ ಎಲ್ಲರಿಗೂ ತೆರೆದಿರುವ ಮರೀನಾ ಸಾರ್ವಜನಿಕ ಉದ್ದೇಶವೇ ಎಂದು ತೀರ್ಪಿನ ನಂತರದ ಶಾಸನ ಒಪ್ಪುತ್ತದೆ. ಕಾನೂನಿನ ದೃಷ್ಟಿಯಿಂದ ಲೋಪವಿಲ್ಲ. ಆದರೆ ಎಲ್ಲರಿಗೂ ತೆರೆದ ಧಕ್ಕೆಯಲ್ಲಿ ದೋಣಿ ಕಟ್ಟಲು ಮೊದಲು ದೋಣಿ ಇರಬೇಕಲ್ಲ! ಆ ಕೊರತೆಯನ್ನು ತುಸು ತುಂಬುವುದು 1994ರಿಂದ ಅದೇ ದಂಡೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಹಾಯಿದೋಣಿ ನಡೆಸಲು ಕಲಿಸುತ್ತಿರುವ ಸಮುದಾಯ ಕೇಂದ್ರ.

ಈ ಸಿದ್ಧಾಂತ ಭಾರತಕ್ಕೂ ಬಂದಿದೆ. ಹಿಮಾಚಲದ ಬಿಯಾಸ್ ನದಿಯ ದಂಡೆಯ ಅರಣ್ಯಭೂಮಿಯನ್ನು ಮೋಟೆಲೊಂದಕ್ಕೆ ಗುತ್ತಿಗೆ ಕೊಟ್ಟು, ಅದರ ರಕ್ಷಣೆಗಾಗಿ ನದಿಯ ಪಾತ್ರವನ್ನೇ ತಿರುಗಿಸಿದ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಾರ್ವಜನಿಕ ನ್ಯಾಸವು ಭಾರತದ ಕಾನೂನಿನ ಭಾಗವೆಂದು ಘೋಷಿಸಿ ಗುತ್ತಿಗೆಯನ್ನು ರದ್ದುಪಡಿಸಿತು. ಬರ್ಲಿಂಗ್‌ಟನ್ ತೀರ್ಪಿಗೆ ಬೇರಾದ ಅದೇ 1892ರ ಶಿಕಾಗೋ ಪ್ರಕರಣವನ್ನು ಈ ತೀರ್ಪೂ ಚರ್ಚಿಸುತ್ತದೆ. 2006ರಲ್ಲಿ ತಿರುಪತಿಯ ಎರಡು ಕೆರೆಗಳ ಪ್ರಕರಣದಲ್ಲಿ ಅದೇ ತತ್ತ್ವ ಮನುಷ್ಯ ಕಟ್ಟಿದ ಕೆರೆಗಳಿಗೂ ಅನ್ವಯವಾಯಿತು. ಬೆಂಗಳೂರಿನ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದನ್ನು ಪ್ರಶ್ನಿಸಿ 2008ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2012ರಲ್ಲಿ ನೀಡಿದ ಆದೇಶದಿಂದ ಜಿಲ್ಲೆಗಳಲ್ಲಿ ಕೆರೆ ಸಂರಕ್ಷಣಾ ಸಮಿತಿಗಳು ರಚನೆಯಾದವು. ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತೆಂದು ಮಾಹಿತಿ ಹಕ್ಕಿನಡಿ ಕೇಳಿ ನೋಡಬಹುದು.

ಇನ್ನು ಬಗೆಹರಿಯದ ಪ್ರಶ್ನೆ. ನ್ಯಾಯಾಲಯ ದಂಡೆಯನ್ನು ಕೊಡಿಸಿತು. ದಂಡೆಗೆ ಬಡಿಯುವ ನೀರನ್ನು ಶುದ್ಧವಾಗಿಡುವುದು ಅದರ ಕೈಯಲ್ಲಿರಲಿಲ್ಲ. ಚಾಂಪ್ಲೇನ್ ಸರೋವರದ ಒಂದು ಎಕರೆ ನೀರಿಗೆ ಸುಮಾರು ಹದಿನೆಂಟು ಎಕರೆ ನೆಲದ ಮಳೆ, ಹಿಮ ಇಳಿದು ಬರುತ್ತದೆ. ಆ ನೆಲದಲ್ಲಿ ಈಗ ಕುರಿಗಳಿಲ್ಲ, ಬೆಟ್ಟಗಳಿಗೆ ಕಾಡು ಮರಳಿದೆ. ಕಣಿವೆಗಳಲ್ಲಿ ಹೈನುಗಾರಿಕೆ ಇದೆ. ಹೊರಗಿನಿಂದ ಪಶುಆಹಾರ ಬರುತ್ತದೆ, ರಸಗೊಬ್ಬರ ಬರುತ್ತದೆ. ಹಾಲಾಗಿ ಹೊರಗೆ ಹೋಗುವ ರಂಜಕಕ್ಕಿಂತ ಒಳಗೆ ಬಂದ ರಂಜಕ ಹೆಚ್ಚು. ಉಳಿದದ್ದು ಸಗಣಿಯ ಮೂಲಕ ಜೋಳದ ಹೊಲಕ್ಕೆ ಸೇರಿ, ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ರಂಜಕ ಮಣ್ಣಿನ ಕಣಕ್ಕೆ ಬಿಗಿಯಾಗಿ ಅಂಟುವ ವಸ್ತು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣವಂತೂ ಅದನ್ನು ಬೆಳೆಗೂ ಸುಲಭಕ್ಕೆ ಬಿಟ್ಟುಕೊಡದು. ಆದ್ದರಿಂದ ಅದರ ಹೆಚ್ಚಿನ ಪಾಲು ಕೊಚ್ಚಿಹೋಗುವ ಮಣ್ಣಿನೊಡನೆಯೇ ಪ್ರಯಾಣ ಮಾಡುತ್ತದೆ.

ಸರೋವರ ಸೇರಿದ ರಂಜಕದಿಂದ ಕೊಬ್ಬುವುದು ನೀಲಿ-ಹಸಿರು ಪಾಚಿ. ಗದ್ದೆಯಲ್ಲಿ ಅಜೋಲಾ ಬೆಳೆಸಿದವರಿಗೆ ಇದರ ಬಳಗ ಅಪರಿಚಿತವಲ್ಲ; ಅಜೋಲಾದ ಎಲೆಯೊಳಗೆ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೀವಿಯ ಸಂಬಂಧಿಗಳೇ ಇವು. ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲ ಪಾಚಿಗೆ ಕೊರತೆ ಇರುವುದು ರಂಜಕದ್ದು. ಅದನ್ನೂ ಉಣಿಸಿದರೆ ತಡೆಯುವವರಿಲ್ಲ. ಗದ್ದೆಯಲ್ಲಿ ಗೊಬ್ಬರವಾಗುವ ಬಳಗವೇ ಸರೋವರದಲ್ಲಿ ವಿಷ ಉತ್ಪಾದಿಸುತ್ತದೆ. 1999ರಲ್ಲಿ ಚಾಂಪ್ಲೇನಿನ ನೀರು ಕುಡಿದು ನಾಯಿಗಳು ಸತ್ತಾಗ ಜನ ಎಚ್ಚೆತ್ತರು. ಅದೇ ಸರೋವರ ಬರ್ಲಿಂಗ್‌ಟನ್ನಿಗೆ ಕುಡಿಯುವ ನೀರಿನ ಮೂಲ ಎಂಬುದನ್ನು ಗಮನಿಸಬೇಕು. ಹಿಂದಿನ ವರ್ಷ, 1998ರ ಮಾರ್ಚಿನಲ್ಲಿ, ಸಂಶೋಧನಾ ಅನುದಾನಕ್ಕೆ ಅನುಕೂಲವಾಗಲೆಂದು ಕಾನೂನಿನ ಒಂದು ಸಾಲಿನ ಮೂಲಕ ಚಾಂಪ್ಲೇನನ್ನು ‘ಮಹಾ ಸರೋವರ’ಗಳ ಪಟ್ಟಿಗೆ ಸೇರಿಸಿ, ಗೇಲಿಗೊಳಗಾಗಿ ಹದಿನೆಂಟೇ ದಿನಗಳಲ್ಲಿ ಹಿಂತೆಗೆದುಕೊಂಡಿದ್ದರು. ಹೆಸರು ಬದಲಾಗಿ ಮತ್ತೆ ಬದಲಾಯಿತು. ಪಾಚಿ ಅಲ್ಲೇ ಇತ್ತು.

ವರ್ಮಾಂಟಿನಿಂದ ಸರೋವರಕ್ಕೆ ಸೇರುವ ರಂಜಕದಲ್ಲಿ ಐದರಲ್ಲಿ ಎರಡು ಪಾಲು ಕೃಷಿಭೂಮಿಯದು. ಊರುಗಳ ಕೊಳಚೆ ಶುದ್ಧೀಕರಣ ಘಟಕಗಳದು ನೂರರಲ್ಲಿ ಐದಕ್ಕೂ ಕಡಿಮೆ. ಉಳಿದದ್ದು ಕುಸಿಯುವ ಹೊಳೆದಂಡೆ, ರಸ್ತೆ, ಕಾಡು ಮತ್ತು ಪಟ್ಟಣಗಳ ಮಳೆನೀರಿನಿಂದ ಬರುತ್ತದೆ. 2016ರಲ್ಲಿ ಕೇಂದ್ರ ಪರಿಸರ ಸಂಸ್ಥೆ ಈ ಹೊರೆಯನ್ನು ಸುಮಾರು ಮೂರನೆಯ ಒಂದು ಭಾಗ ತಗ್ಗಿಸಬೇಕೆಂದು ಮಿತಿ ಹಾಕಿತು. ಡಿಸೆಂಬರ್ 15ರಿಂದ ಏಪ್ರಿಲ್ 1ರವರೆಗೆ, ಹೆಪ್ಪುಗಟ್ಟಿದ ನೆಲದ ಮೇಲೆ ಸಗಣಿ ಗೊಬ್ಬರ ಹರಡುವುದು ಅಲ್ಲಿ ನಿಷಿದ್ಧ. ಹೊಳೆಯಂಚಿಗೆ 25 ಅಡಿ ಅಗಲ ಉಳುಮೆಯಿಲ್ಲದ ಹಸಿರುಪಟ್ಟಿ ಬಿಡಬೇಕು. ಹಾಲಿನ ಬೆಲೆ ಕುಸಿದು ಸಣ್ಣ ಕೊಟ್ಟಿಗೆಗಳು ವರ್ಷವರ್ಷ ಮುಚ್ಚುತ್ತಿರುವ ನಾಡಿನಲ್ಲಿ ಆ 25 ಅಡಿಯ ನಷ್ಟವನ್ನು ರೈತ ಹೊರಬೇಕೋ, ದಂಡೆಯ ಮೇಲೆ ಐಸ್‌ಕ್ರೀಮ್ ತಿನ್ನುವವರು ಹೊರಬೇಕೋ ಎಂಬ ಜಗಳ ಮುಗಿದಿಲ್ಲ. ರೈತನೊಬ್ಬನೇ ಹೊರಬೇಕೆಂಬುದು ಅನ್ಯಾಯ.

ಪಟ್ಟಣವೂ ನಿರ್ದೋಷಿಯಲ್ಲ. 2018ರ ಬೇಸಿಗೆಯಲ್ಲಿ ಪೂರ್ತಿ ಶುದ್ಧವಾಗದ ಕೊಳಚೆನೀರು ಸರೋವರಕ್ಕೆ ಹರಿದು ಈಜುದಂಡೆಗಳನ್ನು ಮುಚ್ಚಬೇಕಾಯಿತು. ಅದೇ ನವೆಂಬರಿನಲ್ಲಿ ಕೊಳವೆ, ಘಟಕಗಳ ದುರಸ್ತಿಗೆ ಸುಮಾರು ಮೂರು ಕೋಟಿ ಡಾಲರ್ ಸಾಲಪತ್ರವನ್ನು ಜನರ ಮುಂದಿಟ್ಟಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರು. 1985ರಲ್ಲಿ ಉದ್ಯಾನವೇ ಇರಲಿಲ್ಲ, ನೀರನ್ನು ಮುಟ್ಟಿದವರು ಕಡಿಮೆ. ಮೂವತ್ತು ವರ್ಷ ದಂಡೆಯಲ್ಲಿ ನಡೆದಾಡಿದ ಊರಿನ ಮತ ಇದು.

ಬರ್ಲಿಂಗ್‌ಟನ್ನಿನ ಉತ್ತರಕ್ಕೆ, ಹೈನುಗಾರಿಕೆಯ ಸೀಮೆಯಲ್ಲಿ, ಸೇಂಟ್ ಆಲ್ಬನ್ಸ್ ಎಂಬ ಕೊಲ್ಲಿಯಿದೆ. ಅಲ್ಲಿನ ಪಟ್ಟಣ ತನ್ನ ಕೊಳಚೆ ಘಟಕವನ್ನು 1987ರಲ್ಲೇ ಸುಧಾರಿಸಿತು. ಕೊಲ್ಲಿ ತಿಳಿಯಾಗುವುದೆಂದು ಎಲ್ಲರೂ ಕಾದರು. ದಶಕಗಳಿಂದ ತಳದ ಕೆಸರಿನಲ್ಲಿ ಸಂಗ್ರಹವಾದ ರಂಜಕ ಬೇಸಿಗೆಯ ಬಿಸಿಗೆ ಮತ್ತೆ ನೀರಿಗೆ ಬಿಡುಗಡೆಯಾಗುತ್ತಲೇ ಇದೆ. ಹೊಳೆಗಳು ಮೇಲಿನ ಹೊಲಗಳಿಂದ ಹೊಸದನ್ನು ತರುತ್ತಲೂ ಇವೆ. ಆ ಕೊಲ್ಲಿಯ ದಂಡೆಯಲ್ಲೂ ಒಂದು ಉದ್ಯಾನವಿದೆ, ಈಜುದಾಣವಿದೆ. ಬೇಸಿಗೆಯ ಕೊನೆಯ ವಾರಗಳಲ್ಲಿ ಪಾಚಿ ಕಟ್ಟಿದಾಗ ಅಲ್ಲಿ ನೀರಿಗೆ ಇಳಿಯುವವರಿರುವುದಿಲ್ಲ.